ಪಿಪಿಪಿ ಟೆಂಡರ್ ಹಾಕುವ ಮೊದಲು: ದಾವಣಗೆರೆಯಲ್ಲಿ ಕರಾರು ಓದಿ ಕೊಡುವ ಒಂದು ವಕೀಲರ ಆಫೀಸಿನ ಬಗ್ಗೆ

ಪಾರ್ಕಿಂಗ್, ಶೌಚಾಲಯ, ಬಸ್ ತಂಗುದಾಣ, ಬೀದಿದೀಪ. ಇಂಥ ಕೆಲಸಗಳನ್ನು ನಗರಸಭೆ, ಪಾಲಿಕೆಗಳು ಪಿಪಿಪಿ (ಸರ್ಕಾರಿ-ಖಾಸಗಿ ಸಹಭಾಗಿತ್ವ) ಮಾದರಿಯಲ್ಲಿ ಕೊಡುವಾಗ ನಮ್ಮ ಕಡೆಯ ಸಣ್ಣ ಗುತ್ತಿಗೆದಾರರು ಏನು ಮಾಡುತ್ತಾರೆ ಅಂತ ನಾನು ನೋಡಿದ್ದೇನೆ. ರೇಟ್ ಹಾಕೋಕೆ ರಾತ್ರಿಯೆಲ್ಲ ಕೂತು ಲೆಕ್ಕ ಮಾಡುತ್ತಾರೆ. ಟೆಂಡರ್ ಜೊತೆ ಬರುವ ಕರಾರಿನ ಕರಡನ್ನು ಮಾತ್ರ ತೆರೆದೂ ನೋಡುವುದಿಲ್ಲ. "ಅದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಬಿಡಿ, ಎಲ್ಲರೂ ಸಹಿ ಹಾಕ್ತಾರೆ" ಅನ್ನೋದು ಮಾತು. ಹತ್ತು ವರ್ಷ ನಿಮ್ಮನ್ನು ಕಟ್ಟಿಹಾಕುವ ಕಾಗದ ಅದು. ಅದನ್ನು ಓದಿಸೋಕೆ ಬೆಂಗಳೂರಿಗೇ ಹೋಗಬೇಕಾಗಿಲ್ಲ, ಇಲ್ಲೇ ಪಿ.ಜೆ. ಬಡಾವಣೆಯಲ್ಲಿ ಒಂದು ಆಫೀಸ್ ಇದೆ ಅಂತ ತಿಳಿಸೋಕೆ ಇದನ್ನು ಬರೆಯುತ್ತಿದ್ದೇನೆ.

ಆಫೀಸಿನ ಹೆಸರು ಹಾಕುತ್ತಿಲ್ಲ. ವಕೀಲರು ಜಾಹೀರಾತು ಕೊಡುವಂತಿಲ್ಲ ಅಂತ ಬಾರ್ ಕೌನ್ಸಿಲ್‌ನ 36ನೇ ನಿಯಮ ಇದೆ, ಹಾಗಾಗಿ ಹೆಸರು ಬೇಡ ಅಂತ ಅವರೇ ಕೇಳಿಕೊಂಡರು. ಹಿರಿಯರೊಬ್ಬರು ಸಿವಿಲ್ ಕೇಸುಗಳನ್ನು ನೋಡುತ್ತಾರೆ. ಕರಾರಿನ ಕೆಲಸವೆಲ್ಲ ಅವರ ಜೊತೆಗಿರುವ ಒಬ್ಬ ಮೇಡಂ ಅವರದು. ನನ್ನ ವ್ಯವಹಾರ ಹೆಚ್ಚಾಗಿ ಅವರ ಜೊತೆಗೇ.

ನಮ್ಮ ಟೆಂಡರ್ ವಿಷಯ ಇಷ್ಟು. ನನ್ನದು ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಟೀಲ್ ಫ್ಯಾಬ್ರಿಕೇಷನ್. ಜೊತೆಗೆ ಜಾಹೀರಾತು ಏಜೆನ್ಸಿ ನಡೆಸುವ ಗೆಳೆಯ, ಮತ್ತೊಬ್ಬರು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಹತ್ತಿರದ ಒಂದು ಊರಿನಲ್ಲಿ ಬಸ್ ತಂಗುದಾಣ ಕಟ್ಟುವುದು, ಹತ್ತು ವರ್ಷ ನೋಡಿಕೊಳ್ಳುವುದು, ಅದರ ಮೇಲೆ ಜಾಹೀರಾತು ಹಾಕಿ ದುಡಿಯುವುದು, ಸ್ಥಳೀಯ ಸಂಸ್ಥೆಗೆ ವರ್ಷಕ್ಕಿಷ್ಟು ಶುಲ್ಕ ಕಟ್ಟುವುದು, ಅವಧಿ ಮುಗಿದ ಮೇಲೆ ಎಲ್ಲವನ್ನೂ ಸುಸ್ಥಿತಿಯಲ್ಲಿ ಬಿಟ್ಟುಕೊಡುವುದು. ಕೇಳೋಕೆ ಸುಲಭ ಅಲ್ವಾ?

ಮೇಡಂ ಮೊದಲು ಕೇಳಿದ್ದು ಪ್ರಿ-ಬಿಡ್ ಮೀಟಿಂಗ್ (ಬಿಡ್ ಹಾಕುವ ಮೊದಲು ಪ್ರಶ್ನೆ ಕೇಳುವ ಸಭೆ) ಯಾವಾಗ ಅಂತ. ಯಾಕೆ ಅಂತ ಆಮೇಲೆ ಅರ್ಥ ಆಯಿತು. ಪಿಪಿಪಿಯಲ್ಲಿ ಕರಾರಿನ ಕರಡು ಟೆಂಡರ್ ದಾಖಲೆಯ ಭಾಗ. ಬಿಡ್ ಹಾಕಿದಿರಿ ಅಂದರೆ ಆ ಕರಡನ್ನು ಒಪ್ಪಿಕೊಂಡ ಹಾಗೆ. ಟೆಂಡರ್ ನಿಮಗೆ ಆದ ಮೇಲೆ "ಈ ಷರತ್ತು ತೆಗೀರಿ" ಅಂದರೆ ತೆಗೆಯೋಕೆ ಬರಲ್ಲ, ಯಾಕೆಂದರೆ ಉಳಿದ ಬಿಡ್ಡರ್‌ಗಳು ಹಳೇ ಷರತ್ತು ನೋಡಿ ರೇಟ್ ಹಾಕಿರುತ್ತಾರೆ, ಅವರಿಗೆ ಅನ್ಯಾಯ ಆಗುತ್ತದೆ. ಸರ್ಕಾರಿ ಟೆಂಡರ್‌ಗಳಲ್ಲಿ ಪಾರದರ್ಶಕತೆಗೆ ಮಾಡಿದ 1999ರ ಕೆಟಿಪಿಪಿ ಕಾಯ್ದೆ ಇರುವುದೇ ಇಂಥದ್ದನ್ನು ತಡೆಯೋಕೆ. ಸಹಿ ಹಾಕಲ್ಲ ಅಂದರೆ ಇಎಂಡಿ (ಬಿಡ್ ಜೊತೆ ಕಟ್ಟಿದ ಠೇವಣಿ) ಹೋಗುತ್ತದೆ. ಹಾಗಾಗಿ ಕರಾರು ಬದಲಾಗುವುದಿದ್ದರೆ ಪ್ರಿ-ಬಿಡ್ ಪ್ರಶ್ನೆಗಳ ಮೂಲಕವೇ ಬದಲಾಗಬೇಕು. ಅಲ್ಲಿ ಕೇಳಿದ್ದಕ್ಕೆ ಅವರು ತಿದ್ದುಪಡಿ ಹೊರಡಿಸಿದರೆ ಅದು ಎಲ್ಲ ಬಿಡ್ಡರ್‌ಗಳಿಗೂ ಅನ್ವಯ. ಟೆಂಡರ್ ಆದ ಮೇಲೆ ವಕೀಲರನ್ನು ಹುಡುಕುವವರೇ ಜಾಸ್ತಿ. ಆಗ ವಕೀಲರು ಓದಿ ಹೇಳಬಹುದು ಅಷ್ಟೆ.

ಇವರ ಓದುವ ರೀತಿ ನನಗೆ ತುಂಬ ಹಿಡಿಸಿತು. ಪ್ರತಿ ಷರತ್ತಿಗೂ ಒಂದೇ ಪ್ರಶ್ನೆ: ಇದು ಕೆಟ್ಟರೆ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ, ಮತ್ತೆ ಅದನ್ನು ತಡೆಯುವ ಅಧಿಕಾರ ಯಾರ ಕೈಯಲ್ಲಿದೆ? ಎರಡೂ ಒಬ್ಬರದೇ ಆಗಿದ್ದರೆ ಸರಿ. ಬೇರೆ ಬೇರೆ ಆಗಿದ್ದರೆ ಅಲ್ಲಿ ಕೆಂಪು ಗುರುತು.

ಒಂದು ಉದಾಹರಣೆ ಕೊಡುತ್ತೇನೆ. ಕರಡಿನಲ್ಲಿ ಒಂದು ಸಾಲಿತ್ತು, ಸಾರ್ವಜನಿಕ ಹಿತದೃಷ್ಟಿಯಿಂದ ಯಾವುದೇ ತಂಗುದಾಣವನ್ನು ಸ್ಥಳಾಂತರಿಸಲು ಸೂಚಿಸಿದಲ್ಲಿ ಗುತ್ತಿಗೆದಾರನು ಸ್ವಂತ ಖರ್ಚಿನಲ್ಲಿ ಸ್ಥಳಾಂತರಿಸತಕ್ಕದ್ದು ಅಂತ. ನಾವು ಮೂವರೂ ಅದನ್ನು ದಾಟಿಕೊಂಡು ಹೋಗುವ ಆತುರದಲ್ಲಿದ್ದೆವು. ಮೇಡಂ ಪೆನ್ಸಿಲ್ ಅಲ್ಲೇ ಇಟ್ಟು ಕೇಳಿದರು: "ರಸ್ತೆ ಅಗಲ ಮಾಡೋದು ಯಾರು?" ಅವರೇ. "ಯಾವ ವರ್ಷ ಮಾಡ್ತಾರೆ ಅಂತ ನಿಮಗೆ ಗೊತ್ತಾ?" ಇಲ್ಲ. "ಹಾಗಾದ್ರೆ ಎತ್ತಿ ಇಡೋ ಖರ್ಚು ನಿಮ್ಮದು ಹೇಗೆ ಆಗುತ್ತೆ ಸರ್?" ಆಮೇಲೆ ನನ್ನ ಕಡೆ ತಿರುಗಿ, ಒಂದು ತಂಗುದಾಣ ಬಿಚ್ಚಿ ಬೇರೆ ಕಡೆ ನಿಲ್ಲಿಸೋಕೆ ಎಷ್ಟಾಗುತ್ತದೆ ಅಂತ ಕೇಳಿದರು. ಪಾಯ ಹೊಸದಾಗಿ ಹಾಕಬೇಕು, ಬೇಸ್ ಪ್ಲೇಟ್, ಬೋಲ್ಟ್ ಎಲ್ಲ ಹೊಸದು, ಚಾವಣಿಯ ಶೀಟು ಬಿಚ್ಚುವಾಗ ಅರ್ಧ ಹಾಳಾಗುತ್ತದೆ, ವೈರಿಂಗ್ ಮತ್ತೆ ಮೊದಲಿಂದ. ಲೆಕ್ಕ ಹಾಕಿದರೆ ಹೊಸದು ಕಟ್ಟುವ ಖರ್ಚಿನ ಅರ್ಧಕ್ಕಿಂತ ಮೇಲೆ ಹೋಯಿತು. ಒಂದು ಮುಖ್ಯ ರಸ್ತೆ ಅಗಲ ಆದರೆ ಆ ರಸ್ತೆಯ ಅಷ್ಟೂ ತಂಗುದಾಣ ಏಳಬೇಕು. ನಮ್ಮ ಎರಡು ವರ್ಷದ ಲಾಭ ಆ ಒಂದು ಸಾಲಿನಲ್ಲಿ ಕೂತಿತ್ತು.

ಅವರು ಬರೆದುಕೊಟ್ಟ ತಿದ್ದುಪಡಿ ಹೀಗಿತ್ತು: ಸಂಸ್ಥೆಯ ಸೂಚನೆಯಿಂದ ಸ್ಥಳಾಂತರ ಆದರೆ ಖರ್ಚು ಸಂಸ್ಥೆಯದು, ಇಲ್ಲವೇ ಅಷ್ಟು ಮೊತ್ತವನ್ನು ಮುಂದಿನ ಶುಲ್ಕದಲ್ಲಿ ಕಳೆಯಬೇಕು, ಜಾಹೀರಾತು ನಿಂತಿರುವಷ್ಟು ದಿನದ ಶುಲ್ಕ ಆ ತಂಗುದಾಣದ ಮಟ್ಟಿಗೆ ಮನ್ನಾ, ಅಷ್ಟೇ ದಿನ ಅವಧಿ ವಿಸ್ತರಣೆ. ಮೂರು ಸಾಲು. ಜೊತೆಗೆ ಯಾಕೆ ಕೇಳುತ್ತಿದ್ದೇವೆ ಅನ್ನೋದಕ್ಕೆ ಎರಡು ಸಾಲಿನ ಕಾರಣ, ಅದೂ ಅಧಿಕಾರಿಗೆ ಫೈಲಿನಲ್ಲಿ ಟಿಪ್ಪಣಿ ಬರೆಯೋಕೆ ಅನುಕೂಲ ಆಗುವ ಹಾಗೆ. ಇದು ತುಂಬ ಮುಖ್ಯ. ಕೆಳಗಿನ ಅಧಿಕಾರಿಗೆ ನಿಮ್ಮ ಬೇಡಿಕೆ ನ್ಯಾಯ ಅನ್ನಿಸಿದರೂ, ನಾಳೆ ಆಡಿಟ್‌ನಲ್ಲಿ ಯಾಕೆ ಒಪ್ಪಿದಿರಿ ಅಂದರೆ ಉತ್ತರ ಬೇಕಲ್ಲ. ಆ ಉತ್ತರವನ್ನು ನಾವೇ ಬರೆದುಕೊಡಬೇಕು.

ಅಪಾಯ ಹಂಚಿಕೊಳ್ಳುವುದು ಅಂದರೆ ಏನು ಅಂತ ಅರ್ಥ ಮಾಡಿಸೋಕೆ ಮೇಡಂ ನಮ್ಮ ಹೈವೇನೇ ತೋರಿಸಿದರು. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವಾಗ ಹೆಬ್ಬಾಳು ಟೋಲ್ ಸಿಗುತ್ತದೆ, ಚಿತ್ರದುರ್ಗ ದಾಟಿದ ಮೇಲೆ ಗುಯಿಲಾಳು ಟೋಲ್. ನಮಗೆ ಎರಡೂ ಒಂದೇ, ಫಾಸ್ಟ್ಯಾಗ್‌ನಲ್ಲಿ ದುಡ್ಡು ಕಟ್ ಆಗುತ್ತದೆ ಅಷ್ಟೆ. ಒಳಗಿನ ಕರಾರು ಮಾತ್ರ ಬೇರೆ ಬೇರೆ. ತುಮಕೂರು-ಚಿತ್ರದುರ್ಗ ಆರು ಪಥದ ರಸ್ತೆ 2011ರಲ್ಲಿ ಶುರುವಾದ 26 ವರ್ಷದ ಬಿಓಟಿ (ಕಟ್ಟಿ, ನಡೆಸಿ, ಕೊನೆಗೆ ಬಿಟ್ಟುಕೊಡುವ) ಟೋಲ್ ಕರಾರು. ಕಂಪನಿ ದುಡ್ಡು ಹಾಕಿ ರಸ್ತೆ ಮಾಡುತ್ತದೆ, ಟೋಲ್ ತಾನೇ ತೆಗೆದುಕೊಳ್ಳುತ್ತದೆ, ಗಾಡಿ ಕಡಿಮೆ ಆದರೆ ನಷ್ಟ ಅದರದು. ಚಿತ್ರದುರ್ಗದಿಂದ ದಾವಣಗೆರೆ ಕಡೆಗೆ ಆರು ಪಥ ಮಾಡಿದ್ದು ಹೈಬ್ರಿಡ್ ಆನ್ಯುಯಿಟಿ ಮಾದರಿಯಲ್ಲಿ. ಅದರಲ್ಲಿ ಯೋಜನೆ ವೆಚ್ಚದ ಶೇ. 40 ಭಾಗವನ್ನು ಹೆದ್ದಾರಿ ಪ್ರಾಧಿಕಾರ ಕೆಲಸ ನಡೆಯುವಾಗಲೇ ಕೊಡುತ್ತದೆ. ಉಳಿದ ಶೇ. 60 ಕಂಪನಿ ಹಾಕಬೇಕು, ಅದನ್ನು ಪ್ರಾಧಿಕಾರ 15 ವರ್ಷಗಳಲ್ಲಿ ಆರು ತಿಂಗಳಿಗೊಮ್ಮೆ ಬಡ್ಡಿ ಸಮೇತ ಕಟ್ಟುತ್ತದೆ. ಟೋಲ್ ದುಡ್ಡು ಪ್ರಾಧಿಕಾರಕ್ಕೇ ಹೋಗುತ್ತದೆ. ಅಂದರೆ ಗಾಡಿ ಬರಲಿ ಬಿಡಲಿ, ಕಂಪನಿಗೆ ಚಿಂತೆ ಇಲ್ಲ. ಒಂದೇ ರಸ್ತೆ, ಆ ಕಡೆ ಒಂದು ಥರ, ಈ ಕಡೆ ಇನ್ನೊಂದು ಥರ. ನಮ್ಮ ತಂಗುದಾಣದ ಟೆಂಡರ್ ಯಾವ ಜಾತಿಯದು ಅಂತ ಆಗ ಗೊತ್ತಾಯಿತು. ಜಾಹೀರಾತು ಬರಲಿ ಬಿಡಲಿ ಶುಲ್ಕ ಕಟ್ಟಲೇಬೇಕಾದ, ಪೂರ್ತಿ ಅಪಾಯ ನಮ್ಮ ತಲೆ ಮೇಲಿರುವ ಬಿಓಟಿ.

ಇನ್ನೊಂದು ದೊಡ್ಡ ವಿಷಯ, ಗಡಿಯಾರ ಯಾವಾಗ ಶುರುವಾಗುತ್ತದೆ ಅನ್ನೋದು. ಕರಡಿನಲ್ಲಿ ಸಹಿ ಹಾಕಿದ ದಿನದಿಂದಲೇ ಹತ್ತು ವರ್ಷ ಶುರು, ಶುಲ್ಕವೂ ಶುರು. ಜಾಗ ಗುರುತು ಮಾಡಿ ಕೊಡಬೇಕಾದವರು ಸಂಸ್ಥೆಯವರು. ಟ್ರಾಫಿಕ್ ಪೊಲೀಸರ ಎನ್‌ಓಸಿ ಬೇಕು, ಬೆಸ್ಕಾಂ ಕನೆಕ್ಷನ್ ಬೇಕು. ಇದೆಲ್ಲ ಆಗೋಕೆ ಎಂಟು ತಿಂಗಳು ಹಿಡಿದರೆ, ಆ ಎಂಟು ತಿಂಗಳು ನಾವು ಒಂದು ರೂಪಾಯಿ ದುಡಿಯದೆ ಶುಲ್ಕ ಕಟ್ಟುತ್ತಿರಬೇಕು. ಹೈಬ್ರಿಡ್ ಆನ್ಯುಯಿಟಿ ಹೆದ್ದಾರಿ ಕರಾರಿನಲ್ಲಿ ಶೇ. 80 ಜಾಗ ಕೈಗೆ ಬಂದ ಮೇಲೆಯೇ ಅಪಾಯಿಂಟೆಡ್ ಡೇಟ್, ಅಲ್ಲಿಂದಲೇ ಲೆಕ್ಕ ಶುರು. ಅದೇ ಪದ್ಧತಿಯನ್ನು ನಮ್ಮ ಸಣ್ಣ ಕರಾರಿಗೂ ಮೇಡಂ ತಂದರು. ಯಾರು ಏನು ಮಾಡಿ ಮುಗಿಸಬೇಕು ಅಂತ ಎರಡೂ ಕಡೆಯ ಪೂರ್ವಷರತ್ತು ಪಟ್ಟಿ ಮಾಡಿದರು. ಎರಡೂ ಮುಗಿದ ದಿನವೇ ಆರಂಭದ ದಿನ.

ಜಾಹೀರಾತು ಏಜೆನ್ಸಿಯ ಗೆಳೆಯನಿಗೆ ಇದ್ದ ಭಯ ಬೇರೆ. ಸರ್ಕಾರ ನಾಳೆ ಜಾಹೀರಾತನ್ನೇ ನಿಷೇಧ ಮಾಡಿದರೆ? ಅವನ ಭಯ ಸುಮ್ನೆ ಹುಟ್ಟಿದ್ದಲ್ಲ. 2018ರಲ್ಲಿ ಹೈಕೋರ್ಟ್ ಗಟ್ಟಿಯಾಗಿ ಕೇಳಿದ ಮೇಲೆ ಬಿಬಿಎಂಪಿ ಬೆಂಗಳೂರಿನಲ್ಲಿ ಹೋರ್ಡಿಂಗ್‌ಗಳನ್ನು ತೆಗೆಸಿ ನಿಷೇಧದ ಠರಾವು ಮಾಡಿತು. ನಮ್ಮ ಕರಡಿನಲ್ಲಿ ಕಾನೂನು ಬದಲಾವಣೆ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೊಂದು ಷರತ್ತು ಸೇರಿಸಲು ಕೇಳಿದೆವು. ಇನ್ನೊಂದು ಕೇಳಿಕೆ, ನಮ್ಮ ತಂಗುದಾಣದ ಪಕ್ಕದಲ್ಲೇ ಬೇರೆಯವರಿಗೆ ಜಾಹೀರಾತು ಫಲಕಕ್ಕೆ ಅನುಮತಿ ಕೊಡಬಾರದು ಅಂತ. ಇದು ಅತಿ ಆಯಿತೇನೋ ಅಂತ ನನಗೆ ಅನ್ನಿಸಿತ್ತು. ಮೇಡಂ ಹೇಳಿದರು, ಬೆಂಗಳೂರು ವಿಮಾನ ನಿಲ್ದಾಣದ 2004ರ ಕರಾರಿನಲ್ಲಿ ಮೈಸೂರು, ಹಾಸನ ಬಿಟ್ಟು 150 ಕಿ.ಮೀ. ಒಳಗೆ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬರಬಾರದು ಅಂತ ಇದೆ, ಅದೂ ನಿಲ್ದಾಣ ಶುರುವಾದ 2008ರಿಂದ 25 ವರ್ಷ. ಅಷ್ಟು ದೊಡ್ಡವರು 150 ಕಿ.ಮೀ. ಕೇಳಿದರೆ ನಾವು 50 ಮೀಟರ್ ಕೇಳೋದರಲ್ಲಿ ತಪ್ಪೇನು?

ಟರ್ಮಿನೇಷನ್ ಅಧ್ಯಾಯಕ್ಕೆ ಅವರು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಟ್ಟರು. ಅದು ಸರಿಯಾದದ್ದೇ. ಕರಡಿನಲ್ಲಿ, ಸಂಸ್ಥೆ 15 ದಿನದ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಕರಾರು ರದ್ದು ಮಾಡಬಹುದು, ಗುತ್ತಿಗೆದಾರನಿಗೆ ಯಾವ ಪರಿಹಾರವೂ ಇಲ್ಲ, ಕಟ್ಟಿದ್ದೆಲ್ಲ ಸಂಸ್ಥೆಗೆ, ಬ್ಯಾಂಕ್ ಗ್ಯಾರಂಟಿಯೂ ಮುಟ್ಟುಗೋಲು. ಹೋಲಿಸಿ ನೋಡಿ, ಹೆದ್ದಾರಿಗಳ ಮಾದರಿ ಬಿಓಟಿ ಕರಾರಿನಲ್ಲಿ ತಪ್ಪು ಕಂಪನಿಯದೇ ಆದರೂ, ರಸ್ತೆ ತೆರೆದ ಮೇಲೆ, ಬಾಕಿ ಸಾಲದ ಶೇ. 90ರಷ್ಟನ್ನು ವಿಮೆ ಹಣ ಕಳೆದು ಪ್ರಾಧಿಕಾರ ಕಟ್ಟುತ್ತದೆ. ತಪ್ಪು ಪ್ರಾಧಿಕಾರದ್ದಾದರೆ ಪೂರ್ತಿ ಸಾಲ, ಜೊತೆಗೆ ಕಂಪನಿ ಹಾಕಿದ ಸ್ವಂತ ಬಂಡವಾಳವನ್ನು ಕರಾರಿನ ಪ್ರಕಾರ ಹೊಂದಿಸಿದ ಮೊತ್ತದ ಶೇ. 150. ಯಾಕೆ ಹೀಗೆ ಅಂದರೆ, ಸಾಲ ಕೊಡುವ ಬ್ಯಾಂಕ್ ಮೊದಲು ಓದುವುದೇ ಈ ಪುಟವನ್ನು. ನಮ್ಮ ಜಾಗ ಲೈಸೆನ್ಸ್ ಮೇಲೆ ಸಿಗುವುದು, ಲೀಸ್ ಅಲ್ಲ. ಅದನ್ನು ಅಡ ಇಡೋಕೆ ಆಗಲ್ಲ. ಹಾಗಿರುವಾಗ ಕರಾರು ರದ್ದಾದರೆ ಬ್ಯಾಂಕಿಗೆ ಏನೂ ಸಿಗಲ್ಲ ಅಂದರೆ ಸಾಲ ಯಾರು ಕೊಡುತ್ತಾರೆ? ಮೇಡಂ ಒಂದು ಸವಕಳಿ ಪಟ್ಟಿ ಮಾಡಿಕೊಟ್ಟರು. ಮೊದಲ ವರ್ಷ ರದ್ದಾದರೆ ಕಟ್ಟಿದ ಖರ್ಚಿನ ಇಷ್ಟು ಭಾಗ, ಐದನೇ ವರ್ಷ ಆದರೆ ಇಷ್ಟು, ತಪ್ಪು ನಮ್ಮದಾದರೆ ಅದಕ್ಕಿಂತ ಕಡಿಮೆ. ಒಂದೇ ಪುಟ.

ನೋಟಿಸ್ ಅವಧಿಯನ್ನೂ ಅವರು ಅಷ್ಟೇ ಗಟ್ಟಿಯಾಗಿ ಹಿಡಿದುಕೊಂಡರು. ದೆಹಲಿ ಏರ್‌ಪೋರ್ಟ್ ಮೆಟ್ರೋ ಕೇಸು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 2008ರ ಕರಾರು. ಕಟ್ಟಡದಲ್ಲಿ ದೋಷ ಇದೆ, 90 ದಿನದಲ್ಲಿ ಸರಿಮಾಡಿ ಅಂತ 2012ರಲ್ಲಿ ಖಾಸಗಿ ಕಂಪನಿ ದೆಹಲಿ ಮೆಟ್ರೋ ನಿಗಮಕ್ಕೆ ನೋಟಿಸ್ ಕೊಟ್ಟಿತು, ಆಮೇಲೆ ಕರಾರು ರದ್ದು ಮಾಡಿತು. ದೋಷ ಪೂರ್ತಿ ಸರಿಹೋಗಿರಬೇಕಿತ್ತಾ, ಅಥವಾ ಸರಿಮಾಡಲು ಪರಿಣಾಮಕಾರಿ ಹೆಜ್ಜೆ ಇಟ್ಟಿದ್ದರೆ ಸಾಕಾ ಅನ್ನೋದೇ ಜಗಳದ ತಿರುಳು. 2017ರಲ್ಲಿ ಆರ್ಬಿಟ್ರೇಷನ್‌ನಲ್ಲಿ (ಕೋರ್ಟಿನ ಹೊರಗೆ ಮಧ್ಯಸ್ಥಗಾರರ ಮುಂದೆ) ಕಂಪನಿ ಗೆದ್ದಿತು, 2,700 ಕೋಟಿಗೂ ಮೇಲೆ, ಬಡ್ಡಿ ಬೇರೆ. 2021ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2024ರ ಏಪ್ರಿಲ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಕ್ಯುರೇಟಿವ್ ಅರ್ಜಿಯಲ್ಲಿ (ಎಲ್ಲ ಮುಗಿದ ಮೇಲೆ ಹಾಕುವ ಕೊನೆಯ ಅರ್ಜಿ) ಆ ತೀರ್ಪನ್ನು ರದ್ದು ಮಾಡಿತು. ಒಂದು ಷರತ್ತಿನ ಕೆಲವು ಪದಗಳಿಗೆ ಹನ್ನೆರಡು ವರ್ಷ. ನಮ್ಮ ಕರಡಿನಲ್ಲಿ "ಸಮಾಧಾನಕರವಾಗಿ ಸರಿಪಡಿಸದಿದ್ದಲ್ಲಿ" ಅಂತ ಇತ್ತು. ಯಾರ ಸಮಾಧಾನ? ಅದನ್ನು ತೆಗೆದು, ಯಾವ ದೋಷಕ್ಕೆ ಎಷ್ಟು ದಿನ, ಕೆಲಸ ಶುರುಮಾಡಿದ್ದರೆ ಇನ್ನೆಷ್ಟು ದಿನ, ಮುಗಿದಿದೆ ಅಂತ ಹೇಳಬೇಕಾದವರು ಯಾರು ಅಂತ ಬರೆದರು. ದೀಪ ಹೋದರೆ ಎರಡು ದಿನ, ಬೆಂಚು ಮುರಿದರೆ ಏಳು ದಿನ, ಚಾವಣಿಗೆ ಮೂವತ್ತು ದಿನ, ಹೀಗೆ. ಓದೋಕೆ ಬೇಜಾರು, ಆದರೆ ಜಗಳ ಹುಟ್ಟುವುದೇ ಇಂಥ ಕಡೆ.

ವ್ಯಾಜ್ಯ ಬಂದರೆ ಸಂಸ್ಥೆಯ ಮುಖ್ಯಸ್ಥರೇ ಏಕೈಕ ಮಧ್ಯಸ್ಥಗಾರರು ಅಂತ ಕರಡಿನಲ್ಲಿ ಇತ್ತು. ಇದನ್ನು ಪ್ರಶ್ನಿಸೋಕೆ ಧೈರ್ಯ ಬೇಕು ಅಂತ ನಾವು ಅಂದುಕೊಂಡಿದ್ದೆವು. ಆದರೆ ಮಧ್ಯಸ್ಥಿಕೆ ಕಾಯ್ದೆಗೆ 2015ರ ತಿದ್ದುಪಡಿ ಆದ ಮೇಲೆ ಒಂದು ಕಡೆಯವರೇ ಮಧ್ಯಸ್ಥಗಾರರಾಗಿ ಕೂರುವಂತಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸರ್ಕಾರಿ-ಖಾಸಗಿ ಕರಾರುಗಳಲ್ಲಿ ಒಂದೇ ಕಡೆಯವರು ಏಕೈಕ ಮಧ್ಯಸ್ಥಗಾರರನ್ನು ನೇಮಿಸುವ ಷರತ್ತು ಸಮಾನತೆಯ ಹಕ್ಕಿಗೆ ವಿರುದ್ಧ ಅಂತ ಹೇಳಿದೆ. ಹಳೇ ಫಾರ್ಮ್ಯಾಟನ್ನು ನಕಲು ಮಾಡಿಕೊಂಡು ಬಂದವರಿಗೆ ಇದು ಗೊತ್ತಿರಲಿಲ್ಲ ಅಷ್ಟೆ. ಪ್ರಿ-ಬಿಡ್‌ನಲ್ಲಿ ತೀರ್ಪನ್ನು ಉಲ್ಲೇಖಿಸಿದ ತಕ್ಷಣ ಒಪ್ಪಿದರು.

ನಮ್ಮ ನಮ್ಮಲ್ಲೇ ಮಾಡಿಕೊಳ್ಳಬೇಕಾದ ಕರಾರೂ ಇತ್ತು. ಮೂವರು ಸೇರಿ ಬಿಡ್ ಹಾಕಿದರೆ ಸಂಸ್ಥೆಯ ಮುಂದೆ ಮೂವರೂ ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ ಹೊಣೆ. ಅಂದರೆ ಎಲೆಕ್ಟ್ರಿಕಲ್‌ನವರು ಕೈಕೊಟ್ಟರೂ ಪೂರ್ತಿ ದಂಡ ನನ್ನೊಬ್ಬನಿಂದ ವಸೂಲಿ ಮಾಡಬಹುದು. ಗೆಳೆತನ ಇದೆ, ಇದೆಲ್ಲ ಯಾಕೆ ಅಂತ ಒಬ್ಬರು ಮುಖ ಸಣ್ಣ ಮಾಡಿಕೊಂಡರು. ಆಗ ಹಿರಿಯ ವಕೀಲರು ಒಳಗಿನ ಕೋಣೆಯಿಂದ ಬಂದು ಕೂತು, ನಿಧಾನವಾಗಿ, "ಗೆಳೆತನ ಉಳೀಲಿ ಅಂತಾನೇ ಬರೆಯೋದಪ್ಪಾ" ಅಂದರು. ಯಾರ ತಪ್ಪಿನಿಂದ ದಂಡ ಬಂತೋ ಅವರು ಉಳಿದವರಿಗೆ ತುಂಬಿಕೊಡಬೇಕು, ಒಬ್ಬರು ಹೊರಗೆ ಹೋಗುವುದಾದರೆ ಪಾಲು ಮೊದಲು ಉಳಿದಿಬ್ಬರಿಗೆ ಕೇಳಬೇಕು, ಬ್ಯಾಂಕ್ ಗ್ಯಾರಂಟಿಗೆ ಯಾರ ಆಸ್ತಿ ಎಷ್ಟು. ಎಲ್ಲ ಕನ್ನಡದಲ್ಲೇ ಬರೆದರು. ಅದು ನನಗೆ ತುಂಬ ಖುಷಿ ಕೊಟ್ಟ ಕೆಲಸ.

ಇನ್ನು ಕೊರತೆಗಳು. ಮುಖ್ಯ ವರದಿ ಇಂಗ್ಲಿಷಿನಲ್ಲಿ ಇತ್ತು, ಅದೂ ಇಕ್ಕಟ್ಟಾದ ಅಕ್ಷರದಲ್ಲಿ. ಬಾಯಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ವಿವರಿಸುವವರು ಬರಹದಲ್ಲೂ ಎರಡು ಪುಟದ ಕನ್ನಡ ಸಾರಾಂಶ ಕೊಡಬೇಕು. ನಮ್ಮ ಎಲೆಕ್ಟ್ರಿಕಲ್ ಪಾಲುದಾರರು ಅದನ್ನು ಓದಲೇ ಇಲ್ಲ. ಎರಡನೆಯದು, ವರದಿ ಬಂದದ್ದು ಪ್ರಶ್ನೆ ಸಲ್ಲಿಸುವ ಕೊನೆ ದಿನಕ್ಕೆ ತೀರಾ ಹತ್ತಿರ. ಕೋರ್ಟ್ ಸಮಯದಲ್ಲಿ ಫೋನ್ ಎತ್ತುವುದಿಲ್ಲ, ಸಂಜೆ ಆರರ ಮೇಲೇ ಸಿಗುತ್ತಾರೆ. ಟೆಂಡರ್ ಕೆಲಸಕ್ಕೆ ಇದು ದೊಡ್ಡ ತೊಂದರೆ, ಒಬ್ಬ ಜೂನಿಯರ್ ಅನ್ನಾದರೂ ಹಗಲು ಆಫೀಸಿನಲ್ಲಿ ಕೂರಿಸಬೇಕು. ಮೂರನೆಯದು, ಹಣಕಾಸಿನ ಲೆಕ್ಕ ಇವರು ಮುಟ್ಟುವುದಿಲ್ಲ. ಶುಲ್ಕ ವರ್ಷಕ್ಕೆ ಶೇ. 5 ಏರಿದರೆ ಏಳನೇ ವರ್ಷ ನಮಗೆ ಏನು ಉಳಿಯುತ್ತದೆ ಅಂತ ಕೇಳಿದರೆ "ಅದು ನಿಮ್ಮ ಸಿಎ ಹತ್ತಿರ" ಅನ್ನುತ್ತಾರೆ. ಪ್ರಾಮಾಣಿಕ ಉತ್ತರವೇ, ಆದರೆ ಸಿಎ ಮತ್ತು ವಕೀಲರು ಒಟ್ಟಿಗೆ ಕೂರದಿದ್ದರೆ ಕೆಲವು ಷರತ್ತಿನ ನಿಜವಾದ ಭಾರ ಕಾಣುವುದಿಲ್ಲ. ನಾವು ಕೊನೆಗೆ ನಮ್ಮ ಸಿಎ ಅವರನ್ನು ಅಲ್ಲಿಗೇ ಕರೆದುಕೊಂಡು ಹೋದೆವು. ಲಿಫ್ಟ್ ಇಲ್ಲ, ಎರಡನೇ ಮಹಡಿ, ವಯಸ್ಸಾದವರಿಗೆ ಕಷ್ಟ.

ಫೀಸ್ ಮೊದಲೇ ಮಾತಾಡಿ ಬರೆದುಕೊಡುತ್ತಾರೆ. ಕರಡು ಓದಿ ಪ್ರಿ-ಬಿಡ್ ಪ್ರಶ್ನೆ ತಯಾರಿಸೋಕೆ ಒಂದು ಮೊತ್ತ, ಅರ್ಧ ಮುಂಗಡ. ಪಾಲುದಾರರ ಕರಾರಿಗೆ ಬೇರೆ. ಟೆಂಡರ್ ನಿಮಗೆ ಆದರೆ ಇಷ್ಟು ಪರ್ಸೆಂಟ್ ಅನ್ನುವ ಮಾತೇ ಇಲ್ಲ, ಹಾಗೆ ಕೇಳುವುದು ವಕೀಲರಿಗೆ ನಿಷಿದ್ಧ ಅಂತ ಅವರೇ ಹೇಳಿದರು. ಇಂಥ ಕೆಲಸಕ್ಕೆ ಬೆಂಗಳೂರಿನ ಒಬ್ಬರು ಕೇಳಿದ್ದಕ್ಕೆ ಹೋಲಿಸಿದರೆ ಮೂರರಲ್ಲಿ ಒಂದು ಪಾಲು. ಜೆರಾಕ್ಸ್, ಸ್ಟಾಂಪ್ ಖರ್ಚು ಪ್ರತ್ಯೇಕ.

ನಾವು ಕೇಳಿದ್ದರಲ್ಲಿ ಸ್ಥಳಾಂತರದ ಖರ್ಚು, ಆರಂಭದ ದಿನ, ಮಧ್ಯಸ್ಥಗಾರರ ನೇಮಕ ಒಪ್ಪಿತವಾದವು. ದೋಷ ಸರಿಪಡಿಸುವ ದಿನಗಳ ಪಟ್ಟಿ ಸ್ವಲ್ಪ ಬದಲಾಗಿ ಬಂತು. 50 ಮೀಟರ್ ಷರತ್ತನ್ನು 20 ಮೀಟರ್‌ಗೆ ಇಳಿಸಿದರು. ಕಾನೂನು ಬದಲಾದರೆ ಪರಿಹಾರ ಇಲ್ಲ, ಆದರೆ ನಾವು ದಂಡ ಇಲ್ಲದೆ ಹೊರಬರಬಹುದು ಅಂದರು. ಸವಕಳಿ ಪಟ್ಟಿ ಒಪ್ಪಲಿಲ್ಲ. ಸಂಸ್ಥೆಯ ತಪ್ಪಿನಿಂದ ರದ್ದಾದರೆ ಮಾತ್ರ ಮೌಲ್ಯಮಾಪನ ಮಾಡಿಸಿ ಕೊಡುತ್ತೇವೆ ಅಂತ ತಿದ್ದುಪಡಿಯಲ್ಲಿ ಬಂತು. ಅದನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿ, ಮೊದಲು ಅಂದುಕೊಂಡಿದ್ದಕ್ಕಿಂತ ಕಡಿಮೆ ಶುಲ್ಕ ನಮೂದಿಸಿ ಬಿಡ್ ಹಾಕಿದ್ದೇವೆ. ಫಲಿತಾಂಶ ಇನ್ನೂ ಬಂದಿಲ್ಲ.

ಹೋಗುವವರಿಗೆ ಒಂದು ಮಾತು: ಟೆಂಡರ್ ಪೋರ್ಟಲ್‌ನಿಂದ ಪ್ರಕಟಣೆ ಒಂದನ್ನೇ ಇಳಿಸಿಕೊಂಡು ಹೋಗಬೇಡಿ. ಕರಾರಿನ ಕರಡು, ಅದರ ಎಲ್ಲ ಅನುಬಂಧಗಳು, ಆಮೇಲೆ ಹೊರಡಿಸಿದ ತಿದ್ದುಪಡಿಗಳು, ಎಲ್ಲ ಪ್ರಿಂಟ್ ಹಾಕಿಸಿ. ಆ ಸಂಸ್ಥೆಯ ಕೌನ್ಸಿಲ್ ಈ ಯೋಜನೆಗೆ ಮಾಡಿದ ಠರಾವಿನ ಪ್ರತಿ ಸಿಕ್ಕರೆ ಅದನ್ನೂ ಒಯ್ಯಿರಿ, ಮೇಡಂ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಆಫೀಸ್ ಕೆಳಗೆ ಕಾರ್ ನಿಲ್ಲಿಸೋಕೆ ಜಾಗ ಇಲ್ಲ, ಬೈಕ್‌ನಲ್ಲಿ ಹೋದರೆ ಒಳ್ಳೆಯದು.